ಕರೂರಿನ ಕರಿ ಎಣ್ಣೆ

ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಯಾವ ಹಡಗಿನದೆಂದು ರಾಸಾಯನಿಕ ಪರೀಕ್ಷೆಯಿಂದ ಪತ್ತೆ ಹಚ್ಚುವುದು ನನ್ನ ನೌಕರಿ. ಒಮ್ಮೆ ರಜೆಗೆ ಕರೂರಿಗೆ ಬಂದಾಗ, ಪಕ್ಕದ ಮನೆಯ ಈರಣ್ಣನ ಗದ್ದೆಗೆ ಕಾಲುವೆ ನೀರಿನ ಜೊತೆ ಕರಿ ಎಣ್ಣೆ ನುಗ್ಗಿ ಒಂದು ಮಡಿ ಭತ್ತ ಕಮರಿತ್ತು. ಆ ಎಣ್ಣೆಯನ್ನೂ ಊರಿಗಿದ್ದ ಒಂದೇ ಅಕ್ಕಿ ಮಿಲ್ಲಿನ ಎಂಜಿನ್ ಎಣ್ಣೆಯನ್ನೂ ಒಯ್ದು ಪರೀಕ್ಷಿಸಿದೆ. ಎರಡೂ ಒಂದೇ. ಮರಳಿ ಬಂದು ಪಂಚಾಯ್ತಿ ಕಟ್ಟೆಯಲ್ಲಿ ಹೇಳಿದೆ.

ಮಿಲ್ಲಿನ ಸಾಹುಕಾರ ನನ್ನ ಕಡೆ ನೋಡಲೇ ಇಲ್ಲ. "ಈರಣ್ಣ, ಸುಗ್ಗಿಗೆ ಭತ್ತ ಯಾರ ಮಿಲ್ಲಿಗೆ ಒಯ್ತೀಯಲೇ?" ಅಂದ.

ಈರಣ್ಣ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ನಿಮ್ಮಲ್ಲಿಗೇರಿ, ಧಣಿ. ಆ ಎಣ್ಣಿ ನನ್ನ ಎಂಜಿನ್ನಿಂದು ಐತ್ರಿ."

ಕಡಲಲ್ಲಿ "ನಮ್ಮದಲ್ಲ" ಎನ್ನುವ ಕಪ್ತಾನರನ್ನಷ್ಟೇ ಕಂಡಿದ್ದ ನನಗೆ, ತಾನಾಗಿ ಒಪ್ಪಿಕೊಂಡವನು ಸಿಕ್ಕಿದ್ದು ಅದೇ ಮೊದಲು. ಒಂದು ಜೋಡಿ ಎತ್ತು ಬಿಟ್ಟರೆ ಈರಣ್ಣನ ಹತ್ತಿರ ಯಾವ ಎಂಜಿನ್ನೂ ಇರಲಿಲ್ಲ.