ನೆಗ್ಗಿಲಮುಳ್ಳಿನ ಕಷಾಯ ಕೊಟ್ಟವಳು

ಹೋದ ಬೇಸಿಗೆಯಲ್ಲಿ ನನಗೆ ಉರಿಮೂತ್ರ ಶುರುವಾಯಿತು. ಜಯನಗರದ ನಮ್ಮ ಫ್ಲ್ಯಾಟಿನಲ್ಲೇ ಕೂತು ಆಫೀಸಿನ ಕೆಲಸ ಮಾಡುತ್ತಿದ್ದವಳು ಗಳಿಗೆಗೊಮ್ಮೆ ಬಾತ್‌ರೂಮಿಗೆ ಎದ್ದು ಹೋಗುತ್ತಿದ್ದೆ. ಗಂಡನಿಗೂ ಹೇಳಿರಲಿಲ್ಲ. ಆದರೆ ಪಕ್ಕದ ಸಿದ್ದಾಪುರದಿಂದ ಮನೆಕೆಲಸಕ್ಕೆ ಬರುವ ಹೆಂಗಸು ನೆಲ ಒರೆಸುತ್ತಲೇ ಕೇಳಿದಳು, "ಉರಿಯಾ ಅಕ್ಕ?"

ಹೂಂ ಎಂದೆ.

ಮರುದಿನ ಬೇರು-ನಾರು ಮಾರುವ ಗ್ರಂಥಿಗೆ ಅಂಗಡಿಯಿಂದ ಒಂದು ಪೊಟ್ಟಣ ನೆಗ್ಗಿಲಮುಳ್ಳು ತಂದಳು. ಆ ಒಣಗಿದ ಮುಳ್ಳುಕಾಯಿಗಳನ್ನು ಜಜ್ಜಿ, ಕೊತ್ತಂಬರಿ ಬೀಜದ ಜೊತೆ ಕುದಿಸಿ, ಸೋಸಿ ಲೋಟಕ್ಕೆ ಬಗ್ಗಿಸಿದಳು.

"ಕುಡೀರಿ. ಆದ್ರೂ ಡಾಕ್ಟರ್ ಹತ್ರ ಹೋಗ್ಬನ್ನಿ. ಜ್ವರ ಬಂದ್ರೆ ಕಷಾಯಕ್ಕೆಲ್ಲ ಬಗ್ಗಲ್ಲ ಇದು."

"ನಿಂಗೆ ಇದೆಲ್ಲ ಹೇಗೆ ಗೊತ್ತು?" ಅವಳ ಅಜ್ಜಿಯೋ ಯಾರೋ ಹೇಳಿಕೊಟ್ಟಿರಬೇಕು ಅಂದುಕೊಂಡಿದ್ದೆ.

"ನಂಗೆ ಆಗ್ತಾನೇ ಇರುತ್ತಲ್ಲ. ಬೆಳಗ್ಗೆ ಆರಕ್ಕೆ ಹೊರಟ್ರೆ ವಾಪಸ್ ಹೋಗೋದು ಎರಡಕ್ಕೆ. ನಾಕು ಮನೆ. ಅಲ್ಲೀವರ್ಗೂ ತಡ್ಕೋಬೇಕು. ಅದಕ್ಕೇ ನೀರೇ ಕುಡಿಯಲ್ಲ."

"ಯಾರ ಮನೇಲೂ ಬಾತ್‌ರೂಮಿಗೆ ಬಿಡಲ್ವಾ?" ಆ ಮನೆಯವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಪಾತ್ರೆ ತೊಳೆಯುತ್ತಿದ್ದವಳು ನನ್ನ ಕಡೆ ತಿರುಗಲಿಲ್ಲ. "ನೀವೂ ಹೇಳಿದ್ರಲ್ಲಕ್ಕ, ಸೇರಿದ ದಿನ. ಕೆಳಗಡೆ ಇದೆ, ಅಲ್ಲಿಗೆ ಹೋಗು ಅಂತ. ಅದಕ್ಕೆ ಬೀಗ ಹಾಕಿರ್ತಾರೆ. ಕೀ ವಾಚ್‌ಮನ್ ಹತ್ರ. ಗಂಡಸಿನ ಹತ್ರ ಹೋಗಿ ದಿನಾ ಏನಂತ ಕೇಳ್ಲಿ?"

ಅವಳ ಮಾತಿನಲ್ಲಿ ದೂರಿರಲಿಲ್ಲ. ಕೇಳಿದ್ದಕ್ಕೆ ಹೇಳಿದಳು, ಅಷ್ಟೇ. ನಾನು ಹಾಗೆ ಹೇಳಿದ್ದು ನನಗೂ ಚೆನ್ನಾಗಿ ನೆನಪಿತ್ತು. ಮರೆತಿದ್ದೆ ಎನ್ನುವ ಹಾಗೂ ಇರಲಿಲ್ಲ. ಮೂರು ವರ್ಷದಿಂದ ನಮ್ಮ ಎರಡು ಬಾತ್‌ರೂಮುಗಳನ್ನೂ ದಿನಾ ತಿಕ್ಕಿ ತೊಳೆಯುತ್ತಿದ್ದವಳು ಅವಳೇ. ಕೈಯಲ್ಲಿದ್ದ ಕಷಾಯವನ್ನು ಕಣ್ಣು ಮುಚ್ಚಿ ಕುಡಿದೆ.

"ಇನ್ಮೇಲೆ ಇಲ್ಲೇ ಹೋಗು," ಎಂದೆ.

"ಆಯ್ತಕ್ಕ."

ಡಾಕ್ಟರು ಕೊಟ್ಟ ಮಾತ್ರೆಯಿಂದ ನನಗೆ ವಾರದೊಳಗೆ ವಾಸಿಯಾಯಿತು. ಅವಳನ್ನೂ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನೀರು ಚೆನ್ನಾಗಿ ಕುಡಿಯಬೇಕು, ತಡೆದುಕೊಳ್ಳಬಾರದು ಎಂದರು ಅವರು. ಅವಳು ತಲೆಯಾಡಿಸಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ.

ಆಮೇಲೂ ಎಷ್ಟೋ ದಿನ ಅವಳು ನಮ್ಮ ಬಾತ್‌ರೂಮಿಗೆ ಹೋಗಲಿಲ್ಲ. ಸಂಕೋಚವಾಗದಿರಲಿ ಎಂದು ಅವಳಿರುವ ಹೊತ್ತಿಗೆ ನಾನೇ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಚಿಲಕದ ಸದ್ದಾಯಿತು. ಆಮೇಲೆ ಬಹಳ ಹೊತ್ತು ನೀರಿನ ಸದ್ದು, ಬ್ರಷ್ಷಿನ ಸದ್ದು. ಒದ್ದೆ ಕಾಲಲ್ಲಿ ಹೊರಗೆ ಬಂದವಳು ನನ್ನನ್ನು ಕಂಡು ನಿಂತಳು.

"ಪೂರ್ತಿ ತೊಳೆದಿದ್ದೀನಿ ಅಕ್ಕ," ಎಂದಳು.

ಹಾಗೆಲ್ಲ ತೊಳೀಬೇಡ ಎನ್ನಬೇಕಿತ್ತು. ಹೂಂ ಎಂದುಬಿಟ್ಟೆ.