ಮಧ್ಯಮ ಅಪಾಯದ ಕೆರೆ

ಅಪ್ಪ ದೊಡ್ಡಬಳ್ಳಾಪುರದಲ್ಲಿ ಮಗ್ಗದವರ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದರು. ಹಿತ್ತಲಲ್ಲಿ ಎರಡು ಹಂಡೆ, ಒಂದು ಒಲೆ, ಅಷ್ಟೇ. ಸಂಜೆ ಬಣ್ಣದ ನೀರನ್ನು ಮೋರಿಗೆ ಚೆಲ್ಲುತ್ತಿದ್ದರು. ಅದು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಮಂಡಿ ನೋವು ಜೋರಾಗಿ ಅವರು ಆ ಕೆಲಸ ಬಿಟ್ಟರು. ಅದಾಗಿ ಎಷ್ಟೋ ವರ್ಷಗಳ ಮೇಲೆ, ಪ್ರಾಣಿಶಾಸ್ತ್ರ ಓದಿದ್ದ ನನಗೆ ಒಂದು ಖಾಸಗಿ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಕೊಳಕು ಸೇರಿದ ಕೆರೆಗಳಲ್ಲಿ ಮೀನು, ಹುಳ, ಹಕ್ಕಿಗಳಿಗೆ ಎಷ್ಟು ಅಪಾಯವಿದೆ ಎಂದು ಅಳೆದು ವರದಿ ಕೊಡುವ ಸಂಸ್ಥೆ ಅದು. ನನಗೆ ಮೊದಲು ಒಪ್ಪಿಸಿದ್ದು ನಮ್ಮ ಊರಿನ ಕೆಳಗಿನ ಕೆರೆಯನ್ನೇ. ಪೇಟೆಯ ಮೋರಿಗಳೂ ಕಾರ್ಖಾನೆಗಳ ಕಡೆಯ ಕಾಲುವೆಯೂ ಬಂದು ಬೀಳುವುದು ಅಲ್ಲಿಗೆ.

ಆರು ಜಾಗಗಳಲ್ಲಿ ನೀರು ಮತ್ತು ಕೆಸರು ತುಂಬಿಕೊಳ್ಳಬೇಕಿತ್ತು. ಕೆಸರನ್ನು ಜರಡಿಯಲ್ಲಿ ತೊಳೆದು, ಅದರಲ್ಲಿ ಏನೇನು ಬದುಕಿದೆ ಎಂದು ಎಣಿಸಬೇಕಿತ್ತು. ಕಾಲುವೆ ಬೀಳುವ ಜಾಗದಲ್ಲಿ ಮೂರು ಸಲ ತೊಳೆದು ನೋಡಿದೆ. ಬಸವನಹುಳು ಇಲ್ಲ, ಏರೋಪ್ಲೇನ್ ಚಿಟ್ಟೆಯ ಮರಿ ಇಲ್ಲ. ಗಾಳಿಯಿಲ್ಲದ ಕೊಳೆಯಲ್ಲೂ ಬದುಕುವ ಸಣ್ಣ ಕೆಂಪು ಹುಳುಗಳು ಮಾತ್ರ ಜರಡಿಯ ತುಂಬ ಮಿಡುಕುತ್ತಿದ್ದವು.

ಮನೆಗೆ ಬಂದು ಹೇಳಿದಾಗ ಅಪ್ಪ ಊಟದ ತಟ್ಟೆಯಿಂದ ಕೈ ತೆಗೆದರು.

"ನಾನು ಚೆಲ್ಲಿದ್ದೂ ಅಲ್ಲಿಗೇ ಹೋಯ್ತೇನಮ್ಮ?"

"ನಿಮ್ಮದೆಲ್ಲ ಯಾವ ಕಾಲದ್ದಪ್ಪ. ಇದು ಈಗಿನ ಕಾರ್ಖಾನೆಗಳದ್ದು."

"ಕೆಸರಲ್ಲಿ ಹಳೇದೂ ಹಂಗೇ ಕೂತಿರುತ್ತೆ ಅಂತ ಮೊನ್ನೆ ನೀನೇ ಅಂದ್ಯಲ್ಲ."

ಅವರು ಮತ್ತೆ ಊಟಕ್ಕೆ ಕೈ ಹಾಕಲಿಲ್ಲ.

ಕೆರೆಯ ಪಕ್ಕದಲ್ಲಿ ಒಬ್ಬಾಕೆ ಸೊಪ್ಪು ಬೆಳೆಯುತ್ತಿದ್ದರು. ಅಮ್ಮನಿಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವರ ಬೋರ್‌ವೆಲ್ ಬತ್ತಿ ಹೋಗಿತ್ತು. ಕೆರೆಗೇ ಮೋಟಾರು ಇಟ್ಟು ದಂಟು, ಕೊತ್ತಂಬರಿಯ ಮಡಿಗಳಿಗೆ ನೀರು ಹಾಯಿಸುತ್ತಿದ್ದರು. ನಾನು ಕೆಸರಿನಿಂದ ಎದ್ದು ಬಂದಾಗಲೆಲ್ಲ, ಮನೆಯಿಂದ ಹೊತ್ತು ತಂದ ಕುಡಿಯುವ ನೀರನ್ನೇ ನನ್ನ ಕೈಗೆ ಹುಯ್ಯುತ್ತಿದ್ದರು. ಒಂದು ದಿನ ಹಾಗೆ ಹುಯ್ಯುತ್ತಲೇ ಕೇಳಿದರು.

"ಎಲ್ರೂ ಬಂದು ಬಾಟ್ಲಿ ತುಂಬ್ಕೊಂಡು ಹೋಗ್ತಾರೆ, ಒಬ್ರೂ ಬಾಯಿ ಬಿಡಲ್ಲ. ನೀನಾದ್ರೂ ಹೇಳು ಮಗಾ, ಈ ನೀರು ಸೊಪ್ಪಿಗೆ ಆಗುತ್ತೋ ಇಲ್ವೋ?"

ಹೇಳುವ ಅಧಿಕಾರ ನನಗಿರಲಿಲ್ಲ. ಆದರೂ ಹೇಳಿದೆ: "ಬೇಡ ದೊಡ್ಡಮ್ಮ. ಬಿಟ್ಬಿಡಿ."

ಅವರು ನಂಬಿದರು. ಮಾರನೆಯ ದಿನವೇ ಮೋಟಾರು ನಿಲ್ಲಿಸಿದರು. ಪಕ್ಕದ ತೋಟದಿಂದ ಬಿಂದಿಗೆಯಲ್ಲಿ ನೀರು ಹೊತ್ತು ಎರಡು ಮಡಿಗಳನ್ನು ಉಳಿಸಿಕೊಂಡರು. ಮಿಕ್ಕದ್ದೆಲ್ಲ ಸುಟ್ಟ ಹಾಗೆ ಒಣಗಿತು. ಕಿತ್ತು ಏರಿಯ ಮೇಲೆ ರಾಶಿ ಹಾಕುತ್ತಿದ್ದವರು, ನನ್ನನ್ನು ಕಂಡು "ಏನ್ಮಾಡೋದು, ತಿನ್ನೋ ಮಕ್ಕಳು ನೆಟ್ಟಗಿದ್ರೆ ಸಾಕು" ಎಂದರು.

ವರದಿ ಬರೆಯುವಾಗ ನಮ್ಮ ಮೇಲಿನವರು ಕಾಲುವೆ ಬೀಳುವ ಜಾಗದ ಲೆಕ್ಕವನ್ನು ತೆಗೆಸಿದರು. "ಅದು ಉಳಿದ ಐದಕ್ಕೆ ಹೊಂದಲ್ಲಮ್ಮ. ಅದು ಕಾಲುವೆ, ಕೆರೆ ಅಲ್ಲ." ಐದು ಜಾಗಗಳ ಸರಾಸರಿಗೆ 'ಮಧ್ಯಮ ಅಪಾಯ' ಎಂಬ ಹೆಸರು ಬಂತು. ಸೊಪ್ಪಿನ ವಿಷಯ ಎತ್ತಿದೆ. "ನಮ್ಮ ಕೆಲಸ ಮೀನು, ಹುಳದ್ದು. ಜನ ತಿನ್ನೋದನ್ನ ನೋಡೋರು ಬೇರೆ" ಎಂದರು. ಯಾರು ಸರ್ ಎಂದರೆ ಅವರಿಗೂ ಗೊತ್ತಿರಲಿಲ್ಲ. ಮಾದರಿ ಸಂಗ್ರಹಿಸಿದವರು ಎಂಬಲ್ಲಿ ನಾನು ಸಹಿ ಹಾಕಿದೆ.

ಪಂಚಾಯಿತಿಯಲ್ಲಿ ವರದಿ ಓದಿದ ದಿನ ದೊಡ್ಡಮ್ಮ ಹಿಂದಿನ ಸಾಲಿನಲ್ಲಿ ಎದ್ದು ನಿಂತರು.

"ಮಧ್ಯಮ ಅಂದ್ರೆ ಏನ್ ಸಾಮಿ? ನೀರು ಹಾಯಿಸ್ಬೋದಾ?"

"ಸದ್ಯಕ್ಕೆ ಭಯ ಪಡೋ ಹಂಗೇನಿಲ್ಲಮ್ಮ" ಎಂದರು ನಮ್ಮ ಮೇಲಿನವರು.

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಹಂಗಾದ್ರೆ ನೀನ್ಯಾಕೆ ಬೇಡ ಅಂದೆ ಮಗಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತೆಗೆದುಹಾಕಿದ ಆ ಆರನೆಯ ಜಾಗದ ಅಂಕಿ ನನಗೆ ಬಾಯಿಪಾಠವಾಗಿತ್ತು. ಒಂದು ಮಾತು ಸಾಕಿತ್ತು. ಕೆಲಸ ಹೋಗುತ್ತದೆ ಎಂಬ ಹೆದರಿಕೆಯೋ, ಅಷ್ಟು ಜನರ ಎದುರಿನ ನಾಚಿಕೆಯೋ, ಇವತ್ತಿಗೂ ನನಗೆ ತಿಳಿಯದು. "ಗೊತ್ತಿಲ್ದೆ ಹೇಳ್ಬಿಟ್ಟೆ ದೊಡ್ಡಮ್ಮ" ಎಂದೆ.

ಅವರು ಬೈಯಲಿಲ್ಲ. "ಹೋಗ್ಲಿ ಬಿಡು, ಚಿಕ್ಕವಳು" ಎಂದು ಕೂತರು.

ಎರಡು ತಿಂಗಳ ಮೇಲೆ, ದೊಡ್ಡಮ್ಮನ ತೋಟದಲ್ಲಿ ಬಿಟ್ಟಿದ್ದ ಜರಡಿಗಳನ್ನು ವಾಪಸು ತರಲು ಹೋದಾಗ ಮೋಟಾರು ಓಡುತ್ತಿತ್ತು. ಮಡಿಗಳೆಲ್ಲ ಹಸಿರಾಗಿದ್ದವು. ಬೇಡವೆಂದರೂ ಕೇಳದೆ "ನಿಮ್ಮಮ್ಮಂಗೆ ಕೊಡು" ಎಂದು ಎರಡು ಕಟ್ಟು ದಂಟಿನ ಸೊಪ್ಪನ್ನು ಚೀಲಕ್ಕೆ ತುರುಕಿದರು. ಬಸ್ಸಿಳಿದು ಕಸದ ರಾಶಿಗೆ ಹಾಕಿದೆ. ಎಲ್ಲಿತ್ತೋ ಒಂದು ಹಸು ಬಂದು ಬಾಯಿ ಹಾಕಿತು. ಓಡಿ ಹೋಗಿ ಎಳೆದೆ. ಬುಡದ ಕಡೆಯ ದಂಟಷ್ಟೇ ಕೈಗೆ ಬಂತು. ಅದು ಮೆಲ್ಲಗೆ ಅಗಿಯುತ್ತಾ ನನ್ನನ್ನು ನೋಡುತ್ತಿತ್ತು.

ಈಗ ನನ್ನನ್ನು ಹೊಸಕೋಟೆ ಕಡೆಯ ಇನ್ನೊಂದು ಕೆರೆಗೆ ಹಾಕಿದ್ದಾರೆ. ಹೋದ ವಾರ ಅಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಮುದುಕರೊಬ್ಬರು "ಅಮ್ಮಣ್ಣಿ, ಇದನ್ನ ಕುಡಿಸ್ಬೋದಾ?" ಎಂದು ಎರಡು ಸಲ ಕೇಳಿದರು. ಕೇಳಿಸದವಳ ಹಾಗೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತೆ. ಎಮ್ಮೆ ನೀರಿಗೆ ಇಳಿಯಿತು.