ನಲವತ್ತೊಂದನೇ ನಂಬರಿನ ಚಪ್ಪಲಿ

ಇವತ್ತು ಬೆಳಿಗ್ಗೆ ಹಳೆಯ ಕೈಚೀಲವೊಂದನ್ನು ಬಿಸಿಲಿಗೆ ಹಾಕೋಣವೆಂದು ತಲೆಕೆಳಗು ಮಾಡಿ ಕೊಡವಿದೆ. ಎರಡು ಏಲಕ್ಕಿ ಸಿಪ್ಪೆ, ಒಂದು ಪಿನ್ನು, ಆಮೇಲೆ ತಗಡಿನ ಒಂದು ಬಿಲ್ಲೆ ಬಿತ್ತು. ಬಿಲ್ಲೆಯ ಮೇಲೆ 41 ಎಂದು ಕೊರೆದಿದೆ. ಅದು ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿ ನಿಂತ ಸದ್ದಿಗೇ ನನ್ನ ಅಂಗಾಲು ತಣ್ಣಗಾಯಿತು. ಆ ಬಿಲ್ಲೆಗೆ ಸೇರಿದ ಚಪ್ಪಲಿ ದೆಹಲಿಯಲ್ಲಿದೆ. ಈಗಲೂ ಇರಬಹುದು, ಯಾರಿಗೆ ಗೊತ್ತು.

ಸಿರಿ, ಆದಿ, ನಿಮ್ಮ ಅಮ್ಮಮ್ಮನಾದ ನಾನು ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಚಳಿಗಾಲದಲ್ಲಿ ನಾನೂ ನಿಮ್ಮ ಅಮ್ಮನೂ ದೆಹಲಿಗೆ ಹೋದೆವಲ್ಲ, ಆಗ ಅಮ್ಮಮ್ಮನಿಗೆ ರಾಜಧಾನಿ ತೋರಿಸಿಕೊಂಡು ಬರುತ್ತೇವೆ ಎಂದು ನಿಮಗೆ ಹೇಳಿದ್ದೆವು. ಬರುವಾಗ ಕೆಂಪು ಕೋಟೆಯ ಚಿತ್ರವಿದ್ದ ಪೆನ್ಸಿಲ್ ಡಬ್ಬಿ ತಂದೆವು. ಅಮ್ಮನ ದನಿ ಯಾಕೆ ಒಡೆದಿದೆ ಎಂದು ಆದಿ ಕೇಳಿದಾಗ, ಅಲ್ಲಿಯ ಚಳಿಗೆ ಹಾಗಾಯಿತು ಎಂದೆವು. ಡಬ್ಬಿ ನಿಜ, ನಾನು ರಾಜಧಾನಿ ನೋಡಿದ್ದೂ ನಿಜ. ಚಳಿಯ ಮಾತು ಮಾತ್ರ ಸುಳ್ಳು. ಈಗ ನೀವು ದೊಡ್ಡವರಾದಿರಿ, ಹೇಳಬಹುದು ಎಂದು ನಿಮ್ಮ ಅಮ್ಮನೇ ಅಂದಿದ್ದಾಳೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರವನ್ನು ನಂಬಿ ಕೂತಿದ್ದೇನೆ.

ನಿಮ್ಮ ಅಮ್ಮ ಸುಮತಿಯ ಗಂಟಲಿನೊಳಗೆ ಒಂದು ಗಡ್ಡೆ ಬೆಳೆದಿತ್ತು. ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ದನಿ ಹೋಗಬಹುದು ಎಂದು ಇಲ್ಲಿನ ಡಾಕ್ಟರು ಹೇಳಿ, ದೆಹಲಿಯ ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಮಕ್ಕಳಿಗೆ ಪಾಠ ಹೇಳುವವಳ ದನಿ! ನನ್ನ ಪರವಾಗಿಯೂ ಮಾತಾಡುತ್ತಿದ್ದವಳು ಅವಳೇ. ನಾನೆಂಥ ನಾಚಿಕೆಯವಳೆಂದರೆ, ಕುಂದಾಪುರದ ಸಂತೆಯಲ್ಲಿ ಒಣಮೀನಿನ ಬುಟ್ಟಿ ಮುಂದಿಟ್ಟುಕೊಂಡು ಒಂದು ದಿನ ಪೂರ್ತಿ ಕೂತು, ಕೂಗಲು ಬಾಯಿ ಬಾರದೆ, ತುಂಬಿದ ಬುಟ್ಟಿಯನ್ನೇ ಹೊತ್ತು ತಂದವಳು. ಮರುದಿನ ಹತ್ತು ವರ್ಷದ ಸುಮತಿ ನನ್ನ ಪಕ್ಕ ನಿಂತು ಕೂಗಿದಳು. ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ.

ನಿಮ್ಮ ಅಪ್ಪ ನಿಮ್ಮ ಜೊತೆ ಊರಲ್ಲೇ ನಿಂತ. ಅಪ್ಪ ಅಮ್ಮ ಇಬ್ಬರೂ ಒಟ್ಟಿಗೇ ಹೊರಟರೆ ನಿಮಗೆ ಗುಮಾನಿ ಬರುತ್ತಿತ್ತು. ನಿಮ್ಮನ್ನು ನೆರೆಮನೆಗೆ ಒಪ್ಪಿಸಿ ಅವನು ಆಪರೇಷನ್ನಿನ ಹಿಂದಿನ ರಾತ್ರಿಗೆ ಬಂದು ಸೇರುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಪರೀಕ್ಷೆಗಳಿಗೆಂದು ಸುಮತಿಯನ್ನು ವಾರ್ಡಿಗೆ ಸೇರಿಸಿಕೊಂಡರು. ನಾಲ್ಕು ಗಂಟೆಯವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲ. ಮೊದಲ ದಿನ ನಾನು ಗೇಟಿನ ಬಳಿಯೇ ಕೂತೆ. ನಿಮ್ಮ ಅಜ್ಜ ಎಂಥೆಂಥ ತೂಫಾನಿನಲ್ಲೂ ಸಮುದ್ರದಿಂದ ಮರಳಿ ಬಂದವರು, ಆಸ್ಪತ್ರೆಯಿಂದ ಮಾತ್ರ ಮರಳಲಿಲ್ಲ. ನಾನು ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಅವರ ಮಂಚದ ಮೇಲೆ ಹೊಸ ಚಾದರ ಹಾಸಿದ್ದರು. ಅಂದಿನಿಂದ ಆಸ್ಪತ್ರೆಯ ಬಿಳಿ ಚಾದರ ಕಂಡರೆ ಮುಖ ತಿರುಗಿಸುತ್ತೇನೆ.

ನಾಲ್ಕಕ್ಕೆ ಒಳಗೆ ಹೋದಾಗ ಸುಮತಿ ಅತ್ತು ಊದಿದ್ದ ನನ್ನ ಮುಖ ನೋಡಿ ಗದರಿದಳು.

"ಅಮ್ಮ, ನೀ ಗೇಟಿನ್ ಬುಡದಂಗೆ ಮರ್ಕ್ತಾ ಕೂಕಂಡ್ರೆ ನಂಗ್ ಒಳಗೆ ಬಿ.ಪಿ. ಏರತ್ತ್. ನಾಳಿಂದ ದಿನಕ್ ಒಂದ್ ಜಾಗ ಕಂಡ್ಕಂಡ್ ಬಾ. ನಾಕ್ ಗಂಟಿಗ್ ಬಂದ್ ನಂಗ್ ಹೇಳ್ಕ್."

"ನಾನಾ? ಒಬ್ಳೇಯಾ?"

"ಹ್ಞಾ, ಒಬ್ಳೇ. ಊರಿಗ್ ಹೋದ್ ಕೂಡ್ಲೆ ಸಿರಿ ಕೇಂತ್ಲ್, ಅಮ್ಮಮ್ಮ ಎಂತೆಲ್ಲ ಕಂಡ್ರ್ ಅಂದೇಳಿ. ನಿಂಗ್ ಸುಳ್ಳ್ ಹೇಳೂಕ್ ಬತ್ತಿಲ್ಲ. ಅದ್ಕೇ ಕಂಡೇ ಬಾ." ಆಮೇಲೆ ದನಿ ತಗ್ಗಿಸಿ, "ಅಜ್ಜಿ ಹೇಳಿದ್ ಮರ್ತ್ ಹೋಯ್ತಾ ನಿಂಗೆ?" ಎಂದಳು.

ಅವಳ ಅಜ್ಜಿ ಅಂದರೆ ನನ್ನ ಅತ್ತೆ. ನಾನು ಮದುವೆಯಾಗಿ ಕಡಲ ದಡದ ನಮ್ಮ ಈ ಕೋಡಿಗೆ ಬಂದ ಹೊಸತರಲ್ಲಿ, ದೋಣಿ ಹೊರಟ ಮೇಲೆ ಅಳಿವೆಯ ಕಡೆ ಹೋಗಿ, ನದಿ ಸಮುದ್ರ ಸೇರುವ ಆ ಬಾಯನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಅತ್ತೆ ಕೈ ಹಿಡಿದು ಎಳೆದುಕೊಂಡು ಬಂದರು. "ಹೆಣೆ, ಅಲ್ಲ್ ನಿಂತ್ಕಂಡ್ ಕಾಯೂಕಾಗ. ಕೈಗೊಂದ್ ಕೆಲ್ಸ ಕೊಡ್. ಅಂವ ಬಪ್ಪತಿಗೆ ನಿನ್ ಹತ್ರ ಹೇಳೂಕೆ ಒಂದ್ ಸುದ್ದಿ ಇರ್ಕ್." ಅವರ ಇನ್ನೊಂದು ಕಟ್ಟಳೆಯೂ ಇತ್ತು. ಗಂಡಸರು ದೋಣಿ ಹತ್ತುವಾಗ ಉಂಗುರವನ್ನೋ ಬೀಗದ ಕೈಯನ್ನೋ ಹೆಂಗಸರ ಕೈಗೆ ಕೊಟ್ಟು ಹೋಗುತ್ತಿದ್ದರು. ನೀರಿನಲ್ಲಿರುವ ಅವರು ದಡ ಸೇರುವವರೆಗೆ ನಾವು ಅದನ್ನು ಮೈಮೇಲಿಂದ ಕೆಳಗೆ ಇಳಿಸುವಂತಿಲ್ಲ. "ನೀರಂಗಿಪ್ಪರ್ ವಸ್ತು ನೆಲ ಮುಟ್ಟೂಕಾಗ" ಎನ್ನುತ್ತಿದ್ದರು. ಮೊದಲನೆಯದು ಸುಮತಿಗೆ ನೆನಪಿತ್ತು. ಎರಡನೆಯದನ್ನು ನಾನು ಯಾರಿಗೂ ಹೇಳದೆ ಪಾಲಿಸಲು ಶುರುಮಾಡಿದೆ. ಅವಳ ಮಂಚದ ಪಕ್ಕದ ಡ್ರಾಯರಿನಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಚೀಲವಿತ್ತು, ಊರಿನ ರಿಪೋರ್ಟು, ಸ್ಕ್ಯಾನಿನ ಸಿಡಿ, ರಕ್ತದ ಚೀಟಿ ಎಲ್ಲ ಅದರಲ್ಲೇ. ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಹೊದ್ದುಕೊಂಡೆ. ಕೋಣೆಗೆ ಹೋಗಿ ಮಲಗಿದಾಗಲೂ ತೆಗೆಯಲಿಲ್ಲ.

ನಮಗೆ ಉಳಿಯಲು ಜಾಗ ಕೊಟ್ಟವರು ನಮ್ಮೂರ ಹತ್ತಿರದ ಕಿರಿಮಂಜೇಶ್ವರದ ಕಡೆಯಿಂದ ಬಂದು ದೆಹಲಿಯಲ್ಲಿ ನೆಲೆಸಿದ ಒಬ್ಬ ಹೋಟೆಲಿನವರು. ಅವರೇ ಹಿಂದಿಯಲ್ಲಿ ಚೀಟಿ ಬರೆದುಕೊಟ್ಟರು. "ಹೆದ್ರ್‌ಬೇಡಿ ಅಕ್ಕ. ಈ ಚೀಟಿ ಹೋಪುಕೆ, ಈ ಚೀಟಿ ಆಸ್ಪತ್ರಿಗ್ ಬಪ್ಪುಕೆ. ನೀವ್ ಬಾಯಿ ಬಿಡುದೇ ಬೇಡ." ಆ ಕೊನೆಯ ಮಾತೊಂದರಿಂದ ಅರ್ಧ ಧೈರ್ಯ ಬಂತು.

ಮೊದಲು ಇಂಡಿಯಾ ಗೇಟು. ಆಟೋದವನು ರಸ್ತೆಯ ಈಚೆ ಬದಿಗೆ ಇಳಿಸಿ ಹೋದ. ಎದುರಿಗೆ ಮಂಜು. ಮಂಜಿನೊಳಗಿಂದ ವಾಹನಗಳು ಒಂದರ ಹಿಂದೆ ಒಂದು ಹೊರಬೀಳುತ್ತಿದ್ದವು, ಎಲ್ಲಿಂದ ಬರುತ್ತವೆ, ಎಷ್ಟಿವೆ, ಕಾಣುವುದಿಲ್ಲ. ಒಂದು ಕಾಲು ಮುಂದಿಟ್ಟೆ, ಹಿಂದೆ ತೆಗೆದೆ. ಹೀಗೆಯೇ ಬಹಳ ಹೊತ್ತು. ಆ ದೊಡ್ಡ ಕಮಾನು ದೂರದಲ್ಲಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಅಳಿಸಿಹೋಗುತ್ತಿತ್ತು. ಸತ್ತ ಸೈನಿಕರ ಹೆಸರು ಅದರ ಕಲ್ಲಿನ ಮೇಲಿದೆಯೆಂದು ಹೋಟೆಲಿನವರು ಹೇಳಿದ್ದರು. ಅವರನ್ನೂ ಯಾರೋ ಕಾದಿದ್ದಿರಬೇಕು ಎನ್ನಿಸಿತು. ಅಷ್ಟಕ್ಕೇ ತಿರುಗಿ ಬಂದೆ.

ನಾಲ್ಕು ಗಂಟೆಗೆ ವಾರ್ಡಿನ ಬಾಗಿಲಲ್ಲಿ ನಿಂತು ಮೊದಲು ಮಂಚಗಳನ್ನು ಎಣಿಸಿದೆ. ಆರನೆಯದರಲ್ಲಿ ಅವಳಿದ್ದಳು. ಆಮೇಲೇ ಉಸಿರು ಬಿಟ್ಟದ್ದು.

"ಎಂತ ಕಂಡೆ?"

"ಇಂಡಿಯಾ ಗೇಟ್. ದೂರದಿಂದ."

"ಎಷ್ಟ್ ದೂರದಿಂದ?"

"ರಸ್ತೆ ಈಚಿಂದ."

"ಅಯ್ಯೋ ಮಾರಾಯ್ತಿ! ರೈಲಂಗೆ ಇಷ್ಟ್ ದೂರ ಬಂದ್ ನೀ ರಸ್ತೆ ಕಂಡ್ಕಂಡ್ ಬಂದ್ಯಾ?" ಅವಳು ನಕ್ಕ ನಗುವಿಗೆ ಪಕ್ಕದ ಮಂಚದವರೂ ನಕ್ಕರು.

ಆ ನಗುವಿನ ಆಸೆಗೆ ಮರುದಿನ ಕುತುಬ್ ಮಿನಾರಿಗೆ ಹೋದೆ. ಕತ್ತು ನೋಯುವಷ್ಟು ಮೇಲೆ ನೋಡಿದೆ. ಕೆಳಗೆ ನಿಂತರೆ ಅದು ನನ್ನ ಮೇಲೇ ವಾಲುತ್ತಿದೆ ಎನ್ನಿಸಿ ಹಿಂದೆ ಹಿಂದೆ ಸರಿದು ಯಾರದೋ ಕಾಲು ತುಳಿದೆ. "ಅಷ್ಟ್ ಎತ್ರ ಕಟ್ಟಿ ತುದಿಗೊಂದ್ ದೀಪ ಇಡ್ಲಿಲ್ಲ ಕಾಣ್. ನಮ್ ಕೋಡಿ ಲೈಟ್‌ಹೌಸೇ ಸೈ" ಎಂದು ಸುಮತಿಗೆ ವರದಿ ಒಪ್ಪಿಸಿದೆ. ಅವಳು ನಗುತ್ತಾ ನಗುತ್ತಾ ಕೆಮ್ಮಿದಳು. ಕೆಮ್ಮು ಬೇಗ ನಿಲ್ಲಲಿಲ್ಲ. ನರ್ಸು ಓಡಿಬಂದರು. ಅಂದು ಹೊರಗೆ ಬಂದವಳಿಗೆ ಊಟ ಸೇರಲಿಲ್ಲ.

ಕೆಂಪು ಕೋಟೆಯ ಬಾಗಿಲಲ್ಲಿ ತಪಾಸಣೆಯ ಹೆಂಗಸು ನನ್ನ ಸೊಂಟ ಮುಟ್ಟಿ, ನೀಲಿ ಚೀಲವನ್ನು ಹೊರಗೆ ತೆಗೆಯಲು ಸನ್ನೆ ಮಾಡಿದಳು. ಮೇಜಿನ ಮೇಲೆ ಇಡು ಎಂದಳು. ಇಡಲಾರೆ ಎಂದು ತಲೆಯಾಡಿಸಿದೆ. ಅವಳು ಹುಬ್ಬು ಗಂಟಿಕ್ಕಿದಳು. ಹಿಂದಿನ ಸಾಲು ಗೊಣಗಿತು. ನನ್ನನ್ನು ಪೊಲೀಸರಿಗೆ ಹಿಡಿದುಕೊಡುತ್ತಾರೆ, ಅಲ್ಲಿ ಸುಮತಿ ನಾಲ್ಕು ಗಂಟೆಗೆ ಬಾಗಿಲು ನೋಡುತ್ತಿರುತ್ತಾಳೆ ಎಂದುಕೊಂಡೆ. ಕೊನೆಗೆ ಚೀಲವನ್ನು ನನ್ನ ಅಂಗೈಯಲ್ಲೇ ಹಿಡಿದು ಬಿಚ್ಚಿ ತೋರಿಸಿದೆ. ಅವಳು ಆಸ್ಪತ್ರೆಯ ಮೊಹರು ನೋಡಿ ಸುಮ್ಮನೆ ನನ್ನ ಬೆನ್ನು ಸವರಿ ಒಳಗೆ ಬಿಟ್ಟಳು. ಪೆನ್ಸಿಲ್ ಡಬ್ಬಿ ಕೊಂಡದ್ದು ಅಲ್ಲಿಯೇ.

ನಾಲ್ಕನೆಯದು ರಾಜಘಾಟ್. ಚಪ್ಪಲಿ ಇಡುವಲ್ಲಿ ಬಿಲ್ಲೆ ಕೊಟ್ಟರು, ನಲವತ್ತೊಂದು. ಅದನ್ನು ಕೈಚೀಲಕ್ಕೆ ಹಾಕಿಕೊಂಡೆ. ಬರಿಗಾಲಿಗೆ ಕಲ್ಲು ಮಂಜುಗಡ್ಡೆಯ ಹಾಗೆ ಕೊರೆಯಿತು. ಆದರೂ ಆ ಕಪ್ಪು ಕಲ್ಲಿನ ಸಮಾಧಿಯ ಎದುರು ನಿಂತಾಗ ದೆಹಲಿಗೆ ಬಂದ ಮೇಲೆ ಮೊದಲ ಸಲ ಮನಸ್ಸು ಸ್ವಲ್ಪ ತಣಿಯಿತು. ಸದ್ದಿಲ್ಲ, ನೂಕಾಟವಿಲ್ಲ. ಉರಿಯುವ ದೀಪ, ಒಂದಿಷ್ಟು ಹೂವು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಅಮ್ಮ, ಡ್ರಾಯರಂಗ್ ಇದ್ದ್ ನೀಲಿ ಚೀಲ ಕಾಂತಿಲ್ಲ. ನೀ ಕಂಡ್ಯಾ?"

"ನನ್ ಹತ್ರ ಇತ್ತ್."

"ನಿನ್ ಹತ್ರವಾ? ಎಂತಕೆ?"

ಅತ್ತೆಯ ಕಟ್ಟಳೆಯನ್ನು ಫೋನಿನಲ್ಲಿ ಹೇಗೆ ಹೇಳಲಿ? ಅವಳೂ ಉತ್ತರಕ್ಕೆ ಕಾಯಲಿಲ್ಲ.

"ಅಮ್ಮ, ಕೇಣ್. ನಾಳಿನ್ ಆಪರೇಷನ್ ಇವತ್ತೇ ಮಾಡ್ತ್ರಂಬ್ರ್. ಒಂದ್ ಗಂಟಿಯೊಳಗೆ ಆ ಕಾಗ್ದ ಬರ್ಕ್. ಇಲ್ದಿರೆ ಬೇರೆಯವ್ರನ್ನ್ ಒಳಗ್ ತಕಂಡ್ ಹೋತ್ರ್. ಮತ್ತ್ ನಂದ್ ಮುಂದಿನ್ ತಿಂಗ್ಳಿಗೇ ಅಂಬ್ರ್."

ಮುಂದಿನ ತಿಂಗಳವರೆಗೆ ಗಡ್ಡೆ ಕಾಯುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳನ್ನು ಕಾಯಲೆಂದು ಕಟ್ಟಿಕೊಂಡ ಚೀಲವೇ ಅವಳಿಗೆ ಅಡ್ಡ ಬಂದಿತ್ತು. ನನ್ನ ಏದುಸಿರು ಕೇಳಿ ಅವಳೇ ಅಂದಳು, "ಹೆದ್ರಬೇಡ. ಕಂಡ್ಕಂಡ್ ಬಾ, ಅಮ್ಮ."

ಮಕ್ಕಳೇ, ನಿಮ್ಮ ಅಮ್ಮನ ಹಳೆಯ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು. ಆಗ ಅದು ಗೊತ್ತಿದ್ದರೆ ಇನ್ನೊಂದು ಗಳಿಗೆ ಫೋನು ಹಿಡಿದುಕೊಳ್ಳುತ್ತಿದ್ದೆ.

ಓಡಿದೆ. ಬಂದ ಬಾಗಿಲು ಯಾವುದು, ಹೋಗುವುದು ಯಾವುದು ನೋಡಲಿಲ್ಲ. ರಸ್ತೆಗೆ ಬಂದ ಮೇಲೆ ಕಾಲಲ್ಲಿ ಚಪ್ಪಲಿಯಿಲ್ಲವೆಂದು ತಿಳಿಯಿತು. ಆಟೋಗಳೆಲ್ಲ ಆಚೆ ಬದಿ. ನಡುವೆ ಅದೇ ಮಂಜು, ಅದೇ ವಾಹನಗಳು. ನಿಮ್ಮ ಅಜ್ಜ ಅಳಿವೆ ದಾಟುವ ಬಗೆ ಹೇಳುತ್ತಿದ್ದರು. ಎದುರಿಗೆ ಬಂದ ಅಲೆಗೆ ಹೆದರಿ ನುಗ್ಗಬಾರದು, ದೊಡ್ಡವು ಸಾಲಾಗಿ ಬಂದು ಹೋಗಲಿ, ಅವುಗಳ ಹಿಂದೆ ಒಂದು ತಗ್ಗು ಬರುತ್ತದೆ, ಆಗ ತಡೆಯದೆ ಹುಟ್ಟು ಹಾಕು. ನಿಂತೆ. ಒಂದು ಬಸ್ಸು, ಇನ್ನೊಂದು ಬಸ್ಸು, ಒಂದು ಲಾರಿ. ತಗ್ಗು ಬಂತು. ನೀಲಿ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ದಾಟಿದೆ. ಯಾರೋ ಬೈದರು. ಬೈಗುಳ ಹಿಂದಿಯಲ್ಲಿದ್ದದ್ದರಿಂದ ಹೆಚ್ಚು ತಾಗಲಿಲ್ಲ.

ಆಟೋದವನು ಚೀಟಿ ಓದಿ, ನನ್ನ ಪಾದ ನೋಡಿ, ತನ್ನ ಸೀಟಿನ ಕೆಳಗಿನ ಗೋಣಿಯನ್ನು ನನ್ನ ಕಾಲಡಿಗೆ ಹಾಸಿದ. ಒಂದು ಮಾತೂ ಕೇಳಲಿಲ್ಲ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಆರನೇ ಮಂಚದ ಮೇಲಿನ ಹೊಸ ಚಾದರ ಒಂದೇ.

ಲಿಫ್ಟಿನ ಬಳಿ ಗಾಲಿಮಂಚದ ಮೇಲೆ ಸುಮತಿಯನ್ನು ಮಲಗಿಸಿದ್ದರು. ತಲೆಗೆ ಹಸಿರು ಟೋಪಿ. ಆಗಲೇ ಸೂಜಿ ಚುಚ್ಚಿದ್ದರಿಂದ ಕಣ್ಣು ಎಳೆಯುತ್ತಿತ್ತು. ನರ್ಸು ನನ್ನ ಕೈಯಿಂದ ಚೀಲ ಕಸಿದುಕೊಂಡರು. ಸುಮತಿ ನನ್ನನ್ನಲ್ಲ, ನನ್ನ ಕಾಲನ್ನು ನೋಡಿದಳು. ತುಟಿಯಂಚಿನಲ್ಲಿ ನಗು ಬಂದ ಹಾಗಿತ್ತು. ಬಾಗಿಲು ಮುಚ್ಚಿತು.

ಆಮೇಲಿನ ಹೊತ್ತನ್ನು ಹೇಗೆ ಬರೆಯಲಿ? ಸೊಂಟ ಬರಿದಾಗಿತ್ತು. ಅವಳು ನೀರಿನಲ್ಲಿದ್ದಾಳೆ, ಅವಳದೊಂದು ವಸ್ತುವೂ ನನ್ನ ಮೈಮೇಲಿಲ್ಲ. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಅಂಗಳದ ನಲ್ಲಿಯ ಬಳಿ ರೋಗಿಗಳ ಕಡೆಯವರು ಬುತ್ತಿ ಡಬ್ಬಿ ತೊಳೆಯುತ್ತಿದ್ದರು. ನಾನೂ ಹೋಗಿ ಕೂತೆ. ಪಕ್ಕದವಳ ಡಬ್ಬಿ ತೆಗೆದುಕೊಂಡು ತೊಳೆದುಕೊಟ್ಟೆ, ಇನ್ನೊಬ್ಬಳದು, ಮತ್ತೊಬ್ಬರದು. ಈ ಮುದುಕಿಗೆ ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ನೀರು ಕೈಯನ್ನು ಕತ್ತರಿಸುವಂತಿತ್ತು. ಬಿಡಲಿಲ್ಲ. ಅತ್ತೆಯ ಮಾತಿನಂತೆ ಕೈಗೆ ಕೆಲಸ ಕೊಟ್ಟಿದ್ದೆ. ಹೊತ್ತು ಮುಳುಗುವಾಗ ನಿಮ್ಮ ಅಪ್ಪ ಬ್ಯಾಗು ಹೊತ್ತು ಓಡಿಬಂದ. ಅವನ ಹಿಂದೆಯೇ ನರ್ಸು ಬಂದು, ಜೀವಕ್ಕೆ ಭಯವಿಲ್ಲ, ದನಿಯ ಬಗ್ಗೆ ಈಗ ಹೇಳಲಾಗದು ಎಂದರಂತೆ. ಅದನ್ನು ಕನ್ನಡದಲ್ಲಿ ಹೇಳುವಾಗ ಅವನೂ ಅತ್ತ.

ಎರಡು ದಿನ ಸುಮತಿಯಿಂದ ಒಂದು ಸ್ವರವೂ ಬರಲಿಲ್ಲ. ಮೂರನೆಯ ದಿನ ನಾಲ್ಕು ಗಂಟೆಗೆ ನಾನು ಆರನೇ ಮಂಚದ ಪಕ್ಕ ಕೂತಾಗ, ಒಣ ಓಲೆಗರಿ ಉಜ್ಜಿದಂಥ ಸದ್ದೊಂದು ಬಂತು.

"ಎಂತ... ಕಂಡೆ?"

ಹುಟ್ಟಿದಂದಿನಿಂದ ಆಡದೆ ಉಳಿಸಿದ್ದ ಮಾತನ್ನೆಲ್ಲ ನಾನು ಅಂದು ಆಡಿದೆ. ಕಪ್ಪು ಕಲ್ಲು, ದೀಪ, ಚಪ್ಪಲಿ, ಗೋಣಿ, ಡಬ್ಬಿ. ನೀಲಿ ಚೀಲ ಯಾಕೆ ಒಯ್ದೆನೆಂಬುದನ್ನೂ ಹೇಳಿದೆ. ಅವಳು ಕೇಳುತ್ತಾ ನನ್ನ ಬೆರಳು ಹಿಡಿದುಕೊಂಡಿದ್ದಳು. ಬೈಯಲಿಲ್ಲ. ಬೈಯಲು ದನಿಯಿರಲಿಲ್ಲ ಎಂದು ಈಗ ತಮಾಷೆ ಮಾಡುತ್ತಾಳೆ.

ಇವತ್ತು ಬೆಳಿಗ್ಗೆ ಅವಳು ವರ್ಷದ ತಪಾಸಣೆಗೆ ಇಲ್ಲಿನ ಡಾಕ್ಟರಲ್ಲಿಗೆ ಹೋಗಿದ್ದಾಳೆ. ಪ್ರತಿ ವರ್ಷದ ಹಾಗೆ ನಿಮಗೆ ಶಾಲೆಯ ಮೀಟಿಂಗು ಎಂದು ಹೇಳಿ ಹೋದಳು. ಇದೂ ಸುಳ್ಳು, ಕ್ಷಮಿಸಿ. ಫೈಲು ಅವಳ ಕೈಯಲ್ಲೇ ಇದೆ. ಬೆಳಗಿನಿಂದ ನನ್ನ ಹೊಟ್ಟೆಯೊಳಗೆ ಮತ್ತೆ ಅದೇ ಮಂಜು. ನಲವತ್ತೊಂದರ ಬಿಲ್ಲೆ ಸಿಕ್ಕಿದ ಕೂಡಲೇ ಅದನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳಹೊರಟೆ, ಅರ್ಧ ಗಂಟು ಹಾಕಿಯೂ ಆಗಿತ್ತು. ಬಿಚ್ಚಿ ನಿಮ್ಮ ಪೆನ್ಸಿಲ್ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಶಾಲೆಯಿಂದ ಬಂದಾಗ ಇದನ್ನು ಓದಿ, ಅದನ್ನು ನೋಡಿ.

ಅಳಿವೆಯ ಬಾಯಲ್ಲಿ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ದಂಡೆಯ ತುದಿಯವರೆಗೆ ಊರಿಗೆ ಬಂದವರೆಲ್ಲ ನಡೆದು ಹೋಗುತ್ತಾರೆ. ಇಷ್ಟು ವರ್ಷ ಕೋಡಿಯಲ್ಲಿದ್ದು ನಾನು ಅದರ ಮೇಲೆ ಹೋಗಿಲ್ಲ, ಅತ್ತೆ ಅಂದು ಎಳೆದುಕೊಂಡು ಬಂದ ಮೇಲೆ ಆ ಕಡೆ ನೋಡಲೂ ಹೆದರಿಕೆ. ಈಗ ಹೊಸ ಚಪ್ಪಲಿ ಮೆಟ್ಟಿಕೊಂಡು ಅಲ್ಲಿಗೆ ಹೊರಟಿದ್ದೇನೆ. ನಾಲ್ಕು ಗಂಟೆಯ ಬಸ್ಸಿಗೆ ಸುಮತಿ ಇಳಿಯುತ್ತಾಳೆ. ಅವಳ ಸುದ್ದಿ ಎಂಥದ್ದೇ ಇರಲಿ, ಮೊದಲು ಆ ಒಡಕು ದನಿಯಲ್ಲಿ ಕೇಳುವುದು ಒಂದೇ ಪ್ರಶ್ನೆ. ಅಷ್ಟರೊಳಗೆ ನಾನು ಏನಾದರೂ ಕಂಡಿರಬೇಕು.